ಬಾಂಬ್ ಬಿದ್ದ ಔಷಧ ಕಾರ್ಖಾನೆಗೆ ಸಾಲ ಕೊಡುವವರು ಯಾರು?

ಶಿವಮೊಗ್ಗದ ದುರ್ಗಿಗುಡಿಯ ಔಷಧ ಅಂಗಡಿಯಲ್ಲಿ ಕೊಂಡ ಯಾವುದೇ ಮಾತ್ರೆಯ ಸ್ಟ್ರಿಪ್ಪನ್ನು ಮಗುಚಿ ಬೆಳಕಿಗೆ ಹಿಡಿದರೆ, ಬೆಳ್ಳಿ ಬಣ್ಣದ ಹಾಳೆಯ ಮೇಲೆ ಇರುವೆ ಸಾಲಿನಂಥ ಅಕ್ಷರಗಳು ಕಾಣುತ್ತವೆ. ಬ್ಯಾಚ್ ನಂಬರ್, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ಬೆಲೆ. ಅವುಗಳ ನಡುವೆಯೇ ತಯಾರಿಕಾ ಪರವಾನಗಿಯ ಸಂಖ್ಯೆಯೂ, ಬದ್ದಿಯೋ ಹರಿದ್ವಾರವೋ ಸಿಕ್ಕಿಮ್ಮೋ ಎಂಬ ಊರಿನ ಹೆಸರೂ ಇರುತ್ತವೆ. ಬೆಲೆ ಮತ್ತು ಅವಧಿ ನೋಡುವಷ್ಟು ಗಮನವಿಟ್ಟು ಪರವಾನಗಿ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಆದರೆ ಆ ಸಂಖ್ಯೆ ಬರೀ ಕಂಪನಿಯ ಹೆಸರಿಗೆ ಕೊಟ್ಟದ್ದಲ್ಲ, ಗೊತ್ತುಪಡಿಸಿದ ವಿಳಾಸದಲ್ಲಿ ನಿಂತಿರುವ ಗೊತ್ತುಪಡಿಸಿದ ಕಟ್ಟಡಕ್ಕೆ ಕೊಟ್ಟದ್ದು. ಆ ಕಟ್ಟಡ ನೆಲಸಮವಾದ ದಿನ ಮಾಲೀಕನ ಕೈಯಲ್ಲಿ ಸೂತ್ರವಿರುತ್ತದೆ, ಅನುಭವಿ ನೌಕರರಿರುತ್ತಾರೆ, ಮಾರುಕಟ್ಟೆಯಲ್ಲಿ ಹೆಸರೂ ಇರುತ್ತದೆ. ಆದರೂ ಒಂದೇ ಒಂದು ಮಾತ್ರೆಯನ್ನು ಮಾರುವ ಅಧಿಕಾರ ಇರುವುದಿಲ್ಲ. ಯುದ್ಧದಲ್ಲಿ ಹಾಳಾದ ಔಷಧ ಕಾರ್ಖಾನೆಯನ್ನು ಮತ್ತೆ ಕಟ್ಟಲು ಹಣ ಹೊಂದಿಸುವುದು ಸಕ್ಕರೆ ಕಾರ್ಖಾನೆಗೋ ಅಕ್ಕಿ ಗಿರಣಿಗೋ ಹಣ ಹೊಂದಿಸುವುದಕ್ಕಿಂತ ತೊಡಕಿನ ಕೆಲಸವಾಗುವುದು ಇಲ್ಲಿಂದಲೇ.

ಸುದ್ದಿ ಏನು, ಗೊಂದಲ ಎಲ್ಲಿ

2025ರ ಏಪ್ರಿಲ್ 12ರಂದು ಉಕ್ರೇನಿನ ರಾಜಧಾನಿ ಕೀವ್‌ನಲ್ಲಿ ಭಾರತೀಯ ಮೂಲದ ಕುಸುಮ್ ಕಂಪನಿಯ ಔಷಧ ಗೋದಾಮು ದಾಳಿಗೆ ಸಿಕ್ಕಿ ಹೊತ್ತಿ ಉರಿಯಿತು. ಇದು ರಷ್ಯಾದ ಕ್ಷಿಪಣಿಯ ಕೆಲಸವೆಂದು ದೆಹಲಿಯಲ್ಲಿರುವ ಉಕ್ರೇನ್ ರಾಯಭಾರ ಕಚೇರಿ ಹೇಳಿತು. ರಷ್ಯಾದ ರಾಯಭಾರ ಕಚೇರಿ ಅದನ್ನು ಅಲ್ಲಗಳೆದು, ಉಕ್ರೇನಿನದೇ ವಾಯುರಕ್ಷಣಾ ಕ್ಷಿಪಣಿ ಅಲ್ಲಿ ಬಿದ್ದಿರಬಹುದು ಎಂದಿತು. ಸುಟ್ಟದ್ದು ಗೋದಾಮು, ಕಾರ್ಖಾನೆಯಲ್ಲ. ಕಂಪನಿಯ ಕಾರ್ಖಾನೆ ಇರುವುದು ರಷ್ಯಾದ ಗಡಿಗೆ ಹತ್ತಿರದ ಸೂಮಿ ನಗರದಲ್ಲಿ.

ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಸುದ್ದಿ ಬಂತು. ಪಾಶ್ಚಾತ್ಯ ದೇಶಗಳು ತಡೆಹಿಡಿದಿರುವ ರಷ್ಯಾ ಕೇಂದ್ರ ಬ್ಯಾಂಕಿನ ಹಣವನ್ನು ಆಧಾರವಾಗಿಟ್ಟುಕೊಂಡು ಉಕ್ರೇನಿಗೆ ದೊಡ್ಡ ಸಾಲ ಕೊಡುವ ಪ್ರಸ್ತಾವ ಐರೋಪ್ಯ ಒಕ್ಕೂಟದ ನಾಯಕರ ಸಭೆಯಲ್ಲಿ ದಡ ಮುಟ್ಟಲಿಲ್ಲ. ಅದರ ಬದಲು ಒಕ್ಕೂಟವೇ ಮಾರುಕಟ್ಟೆಯಲ್ಲಿ ಸಾಲ ಎತ್ತಿ, 2026 ಮತ್ತು 2027ಕ್ಕೆ 9,000 ಕೋಟಿ ಯೂರೋ ಕೊಡುವುದೆಂದು ತೀರ್ಮಾನವಾಯಿತು. ಅಪರಾಧಿ ಎಂದು ಕರೆಯುವ ದೇಶದ ಹಣ ಕೈಯಳತೆಯಲ್ಲೇ ಇರುವಾಗ ಹೊಸದಾಗಿ ಸಾಲ ಮಾಡುವುದೇಕೆ, ಭಾರತೀಯರು ಹೂಡಿದ ಬಂಡವಾಳ ಸುಟ್ಟುಹೋದರೆ ಅದರ ಬಾಬ್ತು ಯಾರು ತುಂಬಬೇಕು, ವಿಮೆ ಎಂಬುದು ಇರುವುದಾದರೂ ಏತಕ್ಕೆ ಎಂಬ ಪ್ರಶ್ನೆಗಳು ಓದುಗರಲ್ಲಿ ಏಳುವುದು ಸಹಜ. ಈ ಮೂರಕ್ಕೂ ಪ್ರತ್ಯೇಕ ಉತ್ತರಗಳಿದ್ದರೂ, ಮುಂದಿನ ಬಾಂಬಿನ ಅಪಾಯವನ್ನು ಯಾರು ಹೊರುತ್ತಾರೆ ಎಂಬುದು ಇತ್ಯರ್ಥವಾಗದೆ ಯಾವ ಹಣವೂ ಕದಲುವುದಿಲ್ಲ ಎಂಬುದು ಈ ಎಲ್ಲ ಉತ್ತರಗಳಿಗೂ ಸಾಮಾನ್ಯವಾದ ಅಂಶ.

ವಿಮೆ ಕೈಕೊಡುವುದೇಕೆ

ಭಾರತದಲ್ಲಿ ಕಾರ್ಖಾನೆಗಳು ಮಾಡಿಸುವ ಅಗ್ನಿ ವಿಮೆಯ ಪಾಲಿಸಿಯಲ್ಲಿ ಹೊರಗಿಟ್ಟ ಅಪಾಯಗಳ ಪಟ್ಟಿಯೊಂದಿದೆ. ಯುದ್ಧ, ಆಕ್ರಮಣ, ವಿದೇಶಿ ಶತ್ರುವಿನ ಕೃತ್ಯ, ಅಂತರ್ಯುದ್ಧ ಎಲ್ಲವೂ ಅದರಲ್ಲಿವೆ. ಯುದ್ಧ ಅಧಿಕೃತವಾಗಿ ಘೋಷಣೆಯಾಗಿರಲಿ ಬಿಡಲಿ ಪರಿಹಾರ ಇಲ್ಲವೆಂಬ ಒಕ್ಕಣೆಯೂ ಇದೆ. ಬೇರೆ ದೇಶಗಳ ಪಾಲಿಸಿಗಳೂ ಬಹುಮಟ್ಟಿಗೆ ಹೀಗೆಯೇ ಇವೆ. ಇದರ ಬೇರು 1937ರಲ್ಲಿದೆ. ಸ್ಪೇನಿನ ಅಂತರ್ಯುದ್ಧದಲ್ಲಿ ವಿಮಾನದಾಳಿಯಿಂದ ಊರೂರೇ ಬೂದಿಯಾದುದನ್ನು ಕಂಡ ಲಂಡನ್ನಿನ ವಿಮಾ ಮಾರುಕಟ್ಟೆ, ನೆಲದ ಮೇಲಿನ ಆಸ್ತಿಗೆ ಯುದ್ಧದ ಅಪಾಯದ ವಿಮೆ ಕೊಡಬಾರದೆಂದು ತನ್ನೊಳಗೇ ಒಪ್ಪಂದ ಮಾಡಿಕೊಂಡಿತು. ನೀರಿನ ಮೇಲಿರುವ ಹಡಗಿಗೂ ಸರಕಿಗೂ ಯುದ್ಧ ವಿಮೆ ಸಿಗುತ್ತದೆ. ಅದೇ ಸರಕು ಬಂದರಿಗಿಳಿದು ಗೋದಾಮು ಸೇರಿತೆಂದರೆ ಆ ರಕ್ಷಣೆ ಕಳಚಿಕೊಳ್ಳುತ್ತದೆ.

ವಿಮಾ ಕಂಪನಿಗಳ ತರ್ಕ ಅರ್ಥವಾಗದಂಥದ್ದೇನಲ್ಲ. ಸಾವಿರ ಕಾರ್ಖಾನೆಗಳಲ್ಲಿ ಒಂದಕ್ಕೆ ಬೆಂಕಿ ಬಿದ್ದರೆ ಉಳಿದ 999ರ ಕಂತಿನಿಂದ ಪರಿಹಾರ ಕೊಡಬಹುದು. ಯುದ್ಧದಲ್ಲಿ ಒಂದೇ ವಾರ ನೂರು ಕಾರ್ಖಾನೆಗಳು ಉರಿದರೆ ಆ ಲೆಕ್ಕ ಕುಸಿಯುತ್ತದೆ. ವಿಮೆ ಹಣ ಕೊಡುವುದು ಪಾಲಿಸಿಯಲ್ಲಿ ಹೆಸರಿಸಿದ ಕಾರಣಕ್ಕೇ ಹೊರತು ಆದ ನಷ್ಟಕ್ಕಲ್ಲ ಎಂಬುದು ತೀರ್ಥಹಳ್ಳಿ, ಸಾಗರ, ಹೊಸನಗರದ ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿಯ ಮೇಲೆ. ತೋಟದಲ್ಲಿ ಕೊಳೆರೋಗದಿಂದ ಉದುರಿದ ಕಾಯಿಯ ರಾಶಿ ಎಷ್ಟೇ ದೊಡ್ಡದಿದ್ದರೂ ಮಾಪಕದ ಅಂಕಿ ಅದಕ್ಕೆ ಸಾಕ್ಷಿ ನುಡಿಯದಿದ್ದರೆ ಹಣ ಬರುವುದಿಲ್ಲ.

ಕೀವ್ ಗೋದಾಮಿನ ವಿವಾದವನ್ನೂ ಈ ಕಣ್ಣಿನಿಂದ ನೋಡಬೇಕು. ಬಿದ್ದದ್ದು ರಷ್ಯಾದ ಅಸ್ತ್ರವೋ ಉಕ್ರೇನಿನ ರಕ್ಷಣಾ ಕ್ಷಿಪಣಿಯೋ ಎಂಬ ಪ್ರಶ್ನೆ ಸಾಮಾನ್ಯ ಅಗ್ನಿ ವಿಮೆಯ ಮಟ್ಟಿಗೆ ಅಪ್ರಸ್ತುತ. ಎರಡೂ ಯುದ್ಧದ ಕೃತ್ಯಗಳೇ, ಎರಡಕ್ಕೂ ಪರಿಹಾರವಿಲ್ಲ. ಆದರೆ ನಾಳೆ ಅಂತರರಾಷ್ಟ್ರೀಯ ಆಯೋಗವೊಂದರ ಮುಂದೆ ರಷ್ಯಾದಿಂದ ಪರಿಹಾರ ಕೇಳುವಾಗ ಚರ್ಚೆಯೆಲ್ಲ ಆ ಪ್ರಶ್ನೆಯ ಸುತ್ತಲೇ ನಡೆಯುತ್ತದೆ. ಹೀಗಾಗಿ ಬಾಂಬ್ ಬಿದ್ದ ಮರುದಿನ ಚೂರುಗಳ ಫೋಟೊ ತೆಗೆದು, ದಾಸ್ತಾನಿನ ಪಟ್ಟಿಯನ್ನು ಲೆಕ್ಕಪರಿಶೋಧಕರ ಸಹಿಯೊಂದಿಗೆ ಜೋಪಾನ ಮಾಡುವ ಗುಮಾಸ್ತನ ಕೆಲಸ ಬೆಂಕಿ ಆರಿಸುವವರ ಕೆಲಸದಷ್ಟೇ ಬೆಲೆಯುಳ್ಳದ್ದು.

ಖಾಸಗಿ ವಿಮೆ ಹಿಂದೆಗೆದಾಗ ಸರ್ಕಾರವೇ ವಿಮಾದಾರನಾದ ನಿದರ್ಶನ ನಮ್ಮಲ್ಲೇ ಇದೆ. ಚೀನಾ ಯುದ್ಧದ ಹಿನ್ನೆಲೆಯಲ್ಲಿ 1962ರಲ್ಲಿ ಸಂಸತ್ತು ಕಾರ್ಖಾನೆಗಳ ತುರ್ತು ಅಪಾಯ ವಿಮಾ ಕಾಯ್ದೆಯನ್ನು ತಂದಿತ್ತು. 1971ರಲ್ಲಿ ಅದೇ ಬಗೆಯ ಕಾಯ್ದೆಗಳು ಮತ್ತೆ ಬಂದವು. ಕಾರ್ಖಾನೆಗಳು ಸರ್ಕಾರಕ್ಕೆ ಕಂತು ಕಟ್ಟಬೇಕು, ಶತ್ರುವಿನ ದಾಳಿಯಿಂದ ನಷ್ಟವಾದರೆ ಸರ್ಕಾರ ತುಂಬಿಕೊಡಬೇಕು ಎಂಬುದು ಆ ಏರ್ಪಾಡು. ಉಕ್ರೇನಿಗಾಗಿ ಇಂದು ಅಂತರರಾಷ್ಟ್ರೀಯ ಬ್ಯಾಂಕುಗಳು ರೂಪಿಸುತ್ತಿರುವ ಯುದ್ಧ ವಿಮಾ ಯೋಜನೆಗಳ ಹಿಂದಿರುವುದೂ ಇದೇ ವಿಚಾರ.

ಹಾಳು ಮಾಡಿದವರೇ ಕಟ್ಟಿಕೊಡಲಿ ಎಂಬ ವಾದ

ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ನೇರವಾದ ವಾದವಿಲ್ಲ, ಇದಕ್ಕೆ ಪೂರ್ವನಿದರ್ಶನವೂ ಇದೆ. 1990ರಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿತು. ಮರುವರ್ಷ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 687ನೇ ನಿರ್ಣಯದ ಮೂಲಕ ಇರಾಕನ್ನು ಹೊಣೆ ಮಾಡಿ, ಪರಿಹಾರ ಆಯೋಗವನ್ನು ರಚಿಸಿತು. ಇರಾಕಿನ ತೈಲ ಮಾರಾಟದ ಆದಾಯದಲ್ಲಿ ಮೊದಲು ಶೇ 30, ಆಮೇಲೆ ಶೇ 25, 2003ರ ನಂತರ ಶೇ 5 ಪಾಲನ್ನು ಹಿಡಿದು ಹಂಚಲಾಯಿತು. ಕುವೈತಿನಲ್ಲಿ ದುಡಿಯುತ್ತಿದ್ದ ಸಹಸ್ರಾರು ಭಾರತೀಯರಿಗೂ ಈ ಹಣ ಬಂತು. ಕೊನೆಯ ಕಂತು ಸಂದಾಯವಾದದ್ದು 2022ರ ಜನವರಿಯಲ್ಲಿ. ಕೇಳಿದ್ದು ಸುಮಾರು 35,000 ಕೋಟಿ ಡಾಲರ್, ಸಿಕ್ಕಿದ್ದು 5,240 ಕೋಟಿ ಡಾಲರ್, ಹಿಡಿದದ್ದು 31 ವರ್ಷ. ಹಿಂದಿನ ಶತಮಾನದ ಪರಿಹಾರ ಪ್ರಕರಣಗಳಲ್ಲಿ ಇದನ್ನು ಯಶಸ್ಸೆಂದೇ ಎಣಿಸುತ್ತಾರೆ. ಆದರೆ ಕಾರ್ಖಾನೆಯ ಮಾಲೀಕ 31 ವರ್ಷ ಕಾಯುವುದಿರಲಿ, ಮೂರು ವರ್ಷ ಕಾದರೂ ಅವನ ನೌಕರರು ಚದುರಿಹೋಗಿರುತ್ತಾರೆ, ಅವನ ಗಿರಾಕಿಗಳು ಬೇರೆ ಕಂಪನಿಯ ಮಾತ್ರೆಗೆ ಒಗ್ಗಿಕೊಂಡಿರುತ್ತಾರೆ.

ಔಷಧ ಕಾರ್ಖಾನೆಯ ವಿಷಯದಲ್ಲೇ ಇನ್ನೂ ಕಹಿಯಾದ ನಿದರ್ಶನವಿದೆ. 1998ರ ಆಗಸ್ಟ್ 20ರಂದು ಅಮೆರಿಕದ ಕ್ರೂಸ್ ಕ್ಷಿಪಣಿಗಳು ಸುಡಾನಿನ ಖಾರ್ಟೂಮ್ ಉತ್ತರದಲ್ಲಿದ್ದ ಅಲ್ ಶಿಫಾ ಔಷಧ ಕಾರ್ಖಾನೆಯನ್ನು ಧ್ವಂಸಗೊಳಿಸಿದವು. ಅಲ್ಲಿ ರಾಸಾಯನಿಕ ಅಸ್ತ್ರದ ಪೂರ್ವವಸ್ತು ತಯಾರಾಗುತ್ತಿದೆ ಎಂಬುದು ಅಮೆರಿಕದ ಆರೋಪವಾಗಿತ್ತು. ಕಾರ್ಖಾನೆ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ, ದೇಶಕ್ಕೆ ಬೇಕಾದ ಔಷಧದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು. ಮಾಲೀಕನ ಬ್ಯಾಂಕ್ ಖಾತೆಗಳ ಮೇಲಿನ ತಡೆಯನ್ನು ಅಮೆರಿಕ 1999ರಲ್ಲಿ ತೆಗೆಯಿತು. ಆದರೆ ಪರಿಹಾರ ಕೇಳಿ ಹೂಡಿದ ದಾವೆಗಳು ಅಮೆರಿಕದ ನ್ಯಾಯಾಲಯಗಳಲ್ಲಿ ಒಂದೊಂದಾಗಿ ಬಿದ್ದವು. ಸೇನಾ ದಾಳಿಯ ಗುರಿ ಸರಿಯೋ ತಪ್ಪೋ ಎಂಬುದು ರಾಜಕೀಯ ಪ್ರಶ್ನೆ, ಅದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸವಲ್ಲ ಎಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು, ಮರುವರ್ಷ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ದಾಳಿಯ ಸಮರ್ಥನೆ ಕುಗ್ಗುತ್ತ ಹೋದರೂ ಕಾರ್ಖಾನೆಗೆ ಬಿಡಿಗಾಸು ದಕ್ಕಲಿಲ್ಲ.

ಹಾಗಾದರೆ ತಡೆಹಿಡಿದ ರಷ್ಯಾದ ಹಣ? ಖಾತೆಯನ್ನು ತಡೆಹಿಡಿಯುವುದು ಬೇರೆ, ಮುಟ್ಟುಗೋಲು ಹಾಕಿಕೊಳ್ಳುವುದು ಬೇರೆ. ತಡೆಹಿಡಿದ ಹಣದ ಒಡೆತನ ರಷ್ಯಾದ್ದೇ ಆಗಿರುತ್ತದೆ, ಅದನ್ನು ಅಲುಗಾಡಿಸುವ ಅಧಿಕಾರವಷ್ಟೇ ಇರುವುದಿಲ್ಲ. ಐರೋಪ್ಯ ಒಕ್ಕೂಟದೊಳಗೆ ಹೀಗೆ ನಿಂತಿರುವ ಸುಮಾರು 21,000 ಕೋಟಿ ಯೂರೋಗಳಲ್ಲಿ ಬಹುಪಾಲು ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನ ಷೇರು, ಸಾಲಪತ್ರಗಳನ್ನು ಕಾಪಿಡುವ ಯೂರೋಕ್ಲಿಯರ್ ಎಂಬ ಸಂಸ್ಥೆಯಲ್ಲಿದೆ. ಒಂದು ವೇಳೆ ರಷ್ಯಾ ದಾವೆ ಹೂಡಿ ಗೆದ್ದರೆ ತೆರಬೇಕಾದ ಹೊಣೆ ತನ್ನ ತಲೆಗೆ ಬರುತ್ತದೆ ಎಂಬುದು ಬೆಲ್ಜಿಯಂನ ಆತಂಕ. ಒಂದು ದೇಶದ ಮೀಸಲು ನಿಧಿಯನ್ನು ಮುಟ್ಟಿದರೆ ಉಳಿದ ದೇಶಗಳು ತಮ್ಮ ನಿಧಿಯನ್ನು ಯೂರೋದಲ್ಲಿಡಲು ಹಿಂಜರಿದಾವು ಎಂಬ ಅಳುಕೂ ಇದೆ. ಎದುರು ಪಕ್ಷದವರು ಕೇಳುವುದು, ಆಕ್ರಮಣಕಾರನ ನಿಧಿಗೆ ಇಷ್ಟು ಕಾವಲು ಕೊಟ್ಟು ಆಕ್ರಮಣಕ್ಕೆ ಒಳಗಾದವನ ಮೇಲೆ ಸಾಲ ಹೊರಿಸುವುದು ಯಾವ ನ್ಯಾಯ ಎಂದು. ಸದ್ಯಕ್ಕೆ ಒಪ್ಪಿಗೆಯಾಗಿರುವುದು ನಡುದಾರಿ ಮಾತ್ರ. ನಿಂತ ಹಣ ಗಳಿಸುವ ಅಸಾಧಾರಣ ಲಾಭದಿಂದ ತೀರಿಸುವಂತೆ 5,000 ಕೋಟಿ ಡಾಲರ್ ಸಾಲ ಕೊಡಲು ಜಿ7 ಎಂಬ ಕೂಟದ ಏಳು ಶ್ರೀಮಂತ ದೇಶಗಳು 2024ರಲ್ಲಿ ಒಪ್ಪಿದವು, ಅಸಲು ಇದ್ದಲ್ಲೇ ಇದೆ. ಉಕ್ರೇನಿನ ಮರುನಿರ್ಮಾಣಕ್ಕೆ ಹತ್ತು ವರ್ಷಗಳಲ್ಲಿ 52,400 ಕೋಟಿ ಡಾಲರ್ ಬೇಕೆಂದು ವಿಶ್ವಬ್ಯಾಂಕ್ ಮತ್ತಿತರ ಸಂಸ್ಥೆಗಳು 2025ರ ಫೆಬ್ರುವರಿಯಲ್ಲಿ ಅಂದಾಜಿಸಿದ್ದವು. ಅದರೆದುರು ಈ ಮೊತ್ತ ದೊಡ್ಡದಲ್ಲ, ಜೊತೆಗೆ ಅದರ ಬಹುಭಾಗ ಸರ್ಕಾರ ನಡೆಸುವುದಕ್ಕೂ ರಕ್ಷಣೆಗೂ ಹೋಗುತ್ತದೆ. ಖಾಸಗಿ ಔಷಧ ಕಾರ್ಖಾನೆಯ ಸರದಿ ಬಹಳ ಹಿಂದಿದೆ.

ಇರಾಕಿನ ಪ್ರಕರಣಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು. ಇರಾಕ್ ಸೋತಿತ್ತು, ಅದರ ತೈಲ ಮಾರಾಟ ವಿಶ್ವಸಂಸ್ಥೆಯ ಹಿಡಿತದಲ್ಲಿತ್ತು. ರಷ್ಯಾ ಭದ್ರತಾ ಮಂಡಳಿಯಲ್ಲಿ ವೀಟೊ ಅಧಿಕಾರ ಹೊಂದಿರುವ ದೇಶ. ಉಕ್ರೇನಿನ ನಷ್ಟಕ್ಕಾಗಿ ಯುರೋಪ್ ಮಂಡಳಿ (ಇದು ಐರೋಪ್ಯ ಒಕ್ಕೂಟವಲ್ಲ, ಬೇರೆ ಸಂಸ್ಥೆ) 2023ರಲ್ಲಿ ಹೇಗ್‌ನಲ್ಲಿ ಹಾನಿ ನೋಂದಣಿ ಕಚೇರಿಯನ್ನು ತೆರೆದಿದೆ, ಅರ್ಜಿಗಳು ಬರುತ್ತಿವೆ. ನೋಂದಣಿಯೆಂದರೆ ಹಕ್ಕುಪತ್ರವಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆಮಠ ಬಿಟ್ಟು ಬಂದ ಶರಾವತಿ ಮುಳುಗಡೆ ಸಂತ್ರಸ್ತರ ಕುಟುಂಬಗಳು ಆರು ದಶಕಗಳ ನಂತರವೂ ಭೂಮಿಯ ಹಕ್ಕಿಗಾಗಿ ಕಚೇರಿ ಅಲೆಯುತ್ತಿರುವುದನ್ನು ಬಲ್ಲ ಶಿವಮೊಗ್ಗ ಜಿಲ್ಲೆಯ ಓದುಗರಿಗೆ, ಪಟ್ಟಿಯಲ್ಲಿ ಹೆಸರಿರುವುದಕ್ಕೂ ಕೈಗೆ ದಕ್ಕುವುದಕ್ಕೂ ಇರುವ ಅಂತರ ಎಷ್ಟೆಂದು ಗೊತ್ತು.

ಗೋಡೆಗಿಂತ ಕಾಯುವುದು ದುಬಾರಿ

ಪರಿಹಾರ ತಡವಾಗುತ್ತದೆ, ವಿಮೆ ಇಲ್ಲ. ಉಳಿಯುವುದು ಸಾಲ. ಆದರೆ ಔಷಧ ಕಾರ್ಖಾನೆಗೆ ಬೇಕಾದ ಸಾಲ ಎಂಥದ್ದು ಎಂಬುದನ್ನು ತಿಳಿಯಲು ಅದು ಹೇಗೆ ಎದ್ದು ನಿಲ್ಲುತ್ತದೆ ಎಂದು ನೋಡಬೇಕಾಗುತ್ತದೆ.

ಮೊದಲು ಅವಶೇಷ ತೆರವು, ಸಿಡಿಯದೆ ಉಳಿದ ಮದ್ದುಗುಂಡಿನ ತಪಾಸಣೆ. ಆಮೇಲೆ ಕಟ್ಟಡ, ಇಟ್ಟಿಗೆ ಗಾರೆಯ ಖರ್ಚು ಇದರಲ್ಲಿ ಸಣ್ಣದು. ಗಾಳಿಯನ್ನು ಸೋಸಿ, ಉಷ್ಣತೆ ಮತ್ತು ತೇವವನ್ನು ಹದದಲ್ಲಿಡುವ ವ್ಯವಸ್ಥೆ, ಶುದ್ಧೀಕರಿಸಿದ ನೀರಿನ ಕೊಳವೆ ಜಾಲ, ಕಡಿತವಿಲ್ಲದ ವಿದ್ಯುತ್ ಇವುಗಳದ್ದೇ ಭಾರಿ ವೆಚ್ಚ. ಮಾತ್ರೆ ಒತ್ತುವ ಯಂತ್ರ ಬಂದು ಕೂತ ಮೇಲೂ ಮಾರಾಟ ಶುರುವಾಗುವುದಿಲ್ಲ. ಪ್ರತಿಯೊಂದು ಯಂತ್ರವೂ ಹೇಳಿದ ಕೆಲಸವನ್ನು ಹೇಳಿದಂತೆಯೇ ಮಾಡುತ್ತದೆಂದು ದಾಖಲೆ ಸಮೇತ ತೋರಿಸಬೇಕು. ಒಂದೇ ಔಷಧವನ್ನು ಸಾಮಾನ್ಯವಾಗಿ ಸತತ ಮೂರು ಬ್ಯಾಚ್ ತಯಾರಿಸಿ ಮೂರೂ ಒಂದೇ ಗುಣಮಟ್ಟದ್ದೆಂದು ಸಾಬೀತುಪಡಿಸಬೇಕು. ನಂತರ ಮಾತ್ರೆಗಳನ್ನು ಸ್ಥಿರತಾ ಪರೀಕ್ಷೆಯ ಪೆಟ್ಟಿಗೆಯಲ್ಲಿಡುತ್ತಾರೆ. ಆಳೆತ್ತರದ ಫ್ರಿಜ್ಜಿನಂತೆ ಕಾಣುವ ಆ ಪೆಟ್ಟಿಗೆಯೊಳಗೆ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 75ರಷ್ಟು ಸಾಪೇಕ್ಷ ಆರ್ದ್ರತೆ. ಆಗುಂಬೆಯ ಮಳೆಗಾಲದ ತೇವ ಮತ್ತು ರಾಯಚೂರಿನ ಬೇಸಿಗೆಯ ಬಿಸಿ ಒಟ್ಟಿಗೆ ಸೇರಿದಂಥ ಆ ಜಾಗದಲ್ಲಿ ಮಾತ್ರೆಗಳು ಆರು ತಿಂಗಳು ಸುಮ್ಮನೆ ಕೂತಿರಬೇಕು. ನಡುನಡುವೆ ತೆಗೆದು ಪರೀಕ್ಷಿಸುತ್ತಾರೆ. ಎಷ್ಟೇ ಹಣ ಸುರಿದರೂ ಆ ಆರು ತಿಂಗಳನ್ನು ಮೂರಕ್ಕೆ ಇಳಿಸಲು ಆಗುವುದಿಲ್ಲ. ಅದಾದ ಮೇಲೆ ಔಷಧ ನಿಯಂತ್ರಕರ ತಪಾಸಣೆ, ಪರವಾನಗಿ, ರಫ್ತು ಮಾಡುವುದಾದರೆ ಕೊಳ್ಳುವ ದೇಶದ ತಪಾಸಕರ ಭೇಟಿ. ಯುದ್ಧ ನಡೆದಿರುವ ಊರಿಗೆ ಆ ತಪಾಸಕರು ಬರಲು ಒಪ್ಪುವುದೇ ಒಂದು ಸಮಸ್ಯೆ.

ಇದನ್ನು ಬಡ್ಡಿಯ ಲೆಕ್ಕಕ್ಕೆ ಇಳಿಸೋಣ. ಉದಾಹರಣೆಗೆ, 100 ಕೋಟಿ ರೂಪಾಯಿ ಸಾಲ ಪಡೆದ ಕಾರ್ಖಾನೆಗೆ ಎರಡು ವರ್ಷ ಮಾರಾಟವೇ ಇಲ್ಲವೆಂದುಕೊಳ್ಳಿ. ಶೇ 12ರ ವಾಣಿಜ್ಯ ಬಡ್ಡಿಯಲ್ಲಿ ಎರಡು ವರ್ಷದ ಕೊನೆಗೆ ಸಾಲ 125 ಕೋಟಿ 44 ಲಕ್ಷವಾಗುತ್ತದೆ. ಶೇ 5ರ ರಿಯಾಯಿತಿ ಬಡ್ಡಿಯಲ್ಲಿ 110 ಕೋಟಿ 25 ಲಕ್ಷ. ಮೊದಲ ಮಾತ್ರೆ ಮಾರುಕಟ್ಟೆಗೆ ಬರುವ ಮುನ್ನವೇ 15 ಕೋಟಿಯ ವ್ಯತ್ಯಾಸ. ಆಮೇಲೂ ಕಚ್ಚಾ ಔಷಧ ಕೊಳ್ಳಲು, ಸಂಬಳ ಕೊಡಲು, ಅಂಗಡಿಗಳಿಂದ ಬಾಕಿ ಬರುವವರೆಗೆ ತಡೆದುಕೊಳ್ಳಲು ದುಡಿಯುವ ಬಂಡವಾಳ ಬೇಕು. ದಾನಿ ದೇಶಗಳಿಗೆ ಕಟ್ಟಡಕ್ಕೆ ಹಣ ಕೊಟ್ಟು ನಾಮಫಲಕ ಹಾಕಿಸುವುದು ಇಷ್ಟ. ಕಾಯುವ ಅವಧಿಯ ಬಡ್ಡಿಗೂ ದುಡಿಯುವ ಬಂಡವಾಳಕ್ಕೂ ಫಲಕ ಹಾಕಲಾಗದು, ಹಾಗಾಗಿ ಅವಕ್ಕೆ ಹಣ ಹೊರಡುವುದು ಕಷ್ಟ. ಮರುನಿರ್ಮಾಣದ ಯೋಜನೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಯುದ್ಧವೇ ಇಲ್ಲದ ನಮ್ಮ ದೇಶದಲ್ಲಿಯೂ ಇದರ ಸಣ್ಣ ಪ್ರತಿರೂಪವನ್ನು ಕಾಣಬಹುದು. ಔಷಧ ತಯಾರಿಕೆಯ ಗುಣಮಟ್ಟಕ್ಕೆ ಸಂಬಂಧಿಸಿದ ಪರಿಷ್ಕೃತ ಶೆಡ್ಯೂಲ್ ಎಂ ನಿಯಮಗಳನ್ನು ಪಾಲಿಸಲು ಸಣ್ಣ ಕಾರ್ಖಾನೆಗಳಿಗೆ 2025ರ ಡಿಸೆಂಬರ್ 31ರವರೆಗೆ ಅವಧಿ ವಿಸ್ತರಿಸಲಾಗಿತ್ತು. ಮೇಲ್ದರ್ಜೆಗೇರಿಸಲು ಕೇಂದ್ರ ಸರ್ಕಾರದ ಯೋಜನೆಯಲ್ಲಿ ಒಂದು ಘಟಕಕ್ಕೆ ಗರಿಷ್ಠ 1 ಕೋಟಿ ರೂಪಾಯಿ ನೆರವಿದೆ. ಆದರೆ ಅದು ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ಲು ತೋರಿಸಿ ಪಡೆಯುವ ನೆರವು. ಮೊದಲ ಖರ್ಚಿಗೆ ಹಣವಿಲ್ಲದವನಿಗೆ ಅದು ಕನ್ನಡಿಯೊಳಗಿನ ಗಂಟು.

ಸಾಲ ಹುಟ್ಟುವ ಬಗೆ

ಊರಿನ ಬ್ಯಾಂಕಿನ ವ್ಯವಸ್ಥಾಪಕರು ಸಾಲ ಕೊಡುವಾಗ ಅಡಮಾನ ಕೇಳುತ್ತಾರೆ. ಮತ್ತೊಮ್ಮೆ ಬಾಂಬ್ ಬೀಳಬಹುದಾದ ಕಟ್ಟಡವನ್ನು ಯಾರೂ ಅಡಮಾನವೆಂದು ಒಪ್ಪುವುದಿಲ್ಲ. ಆ ಕಟ್ಟಡಕ್ಕೆ ಯುದ್ಧದ ಅಪಾಯದ ವಿರುದ್ಧ ಖಾತರಿ ಸಿಕ್ಕರೆ ಮಾತ್ರ ಅದು ಮತ್ತೆ ಅಡಮಾನವಾಗುತ್ತದೆ. ವಿಶ್ವಬ್ಯಾಂಕ್ ಸಮೂಹದ ಮಿಗಾ ಎಂಬ ಸಂಸ್ಥೆ ಇರುವುದು ಇಂಥ ರಾಜಕೀಯ ಅಪಾಯಗಳ ಖಾತರಿಗಾಗಿಯೇ. 2023ರಲ್ಲಿ ಅದು ಪಶ್ಚಿಮ ಉಕ್ರೇನಿನ ಲ್ವಿವ್‌ನಲ್ಲಿ ಕೈಗಾರಿಕಾ ಪಾರ್ಕೊಂದಕ್ಕೆ ಸುಮಾರು 91 ಲಕ್ಷ ಡಾಲರ್ ಮೊತ್ತದ ಖಾತರಿ ನೀಡಿತು. ಮೊತ್ತ ಚಿಕ್ಕದು, ಸ್ಥಳವನ್ನು ಗಮನಿಸಬೇಕು. ಲ್ವಿವ್ ಇರುವುದು ಪೋಲೆಂಡ್ ಗಡಿಯ ಹತ್ತಿರ, ರಣರಂಗದಿಂದ ದೂರ. ಖಾತರಿಯ ಹಣ ಸುರಕ್ಷಿತ ದಿಕ್ಕಿಗೆ ಹರಿದರೆ ಕಾರ್ಖಾನೆಗಳೂ ಅದರ ಬೆನ್ನುಹತ್ತಿ ಆ ದಿಕ್ಕಿಗೇ ಹೋಗುತ್ತವೆ. ಸೂಮಿಯಂಥ ಗಡಿನಗರದಲ್ಲಿ ಹಾನಿಯಾದದ್ದು ಅಲ್ಲಿಯೇ ಮತ್ತೆ ಏಳುವ ಸಾಧ್ಯತೆ ಕಡಿಮೆಯಾಗುತ್ತದೆ. ಮರುನಿರ್ಮಾಣ ಎಂಬ ಹೆಸರಿನಲ್ಲಿ ನಡೆಯುವುದು ಬಹಳ ಸಲ ಸ್ಥಳಾಂತರವೇ.

ಎರಡನೆಯ ಮಹಾಯುದ್ಧದ ನಂತರದ ಜರ್ಮನಿಯ ವಿಧಾನ ಈ ವಿಷಯದಲ್ಲಿ ಇಂದಿಗೂ ಅಧ್ಯಯನಯೋಗ್ಯ. ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ಹಾಕಿಕೊಂಡ ಮಾರ್ಷಲ್ ಯೋಜನೆಯಡಿ ಅಲ್ಲಿಂದ ಬಂದ ಸರಕಿಗೆ ಜರ್ಮನ್ ಆಮದುದಾರರು ತಮ್ಮ ಹಣದಲ್ಲಿ ಬೆಲೆ ಕಟ್ಟುತ್ತಿದ್ದರು. ಆ ಹಣ ಒಂದು ಪ್ರತ್ಯೇಕ ನಿಧಿಗೆ ಸೇರುತ್ತಿತ್ತು. 1948ರಲ್ಲಿ ಸ್ಥಾಪನೆಯಾದ ಕೆಎಫ್‌ಡಬ್ಲ್ಯು ಎಂಬ ಮರುನಿರ್ಮಾಣ ಬ್ಯಾಂಕ್ ಅದನ್ನು ಕೈಗಾರಿಕೆಗಳಿಗೆ ದೀರ್ಘಾವಧಿ ಸಾಲವಾಗಿ ಕೊಟ್ಟಿತು. ಒಬ್ಬರು ತೀರಿಸಿದ ಕಂತು ಇನ್ನೊಬ್ಬರ ಸಾಲವಾಯಿತು. ನಮ್ಮ ಸ್ತ್ರೀಶಕ್ತಿ ಸಂಘಗಳ ಸುತ್ತುನಿಧಿಯನ್ನು ದೇಶದ ಅಳತೆಗೆ ಹಿಗ್ಗಿಸಿದರೆ ಹೇಗಿರುತ್ತದೋ ಹಾಗೆ. ಒಮ್ಮೆ ಕೊಟ್ಟು ಮುಗಿಯುವ ದಾನಕ್ಕಿಂತ ಇದು ಹೆಚ್ಚು ಕಾಲ ಬಾಳಿತು.

1990ರ ದಶಕದ ಯುದ್ಧದ ಮುತ್ತಿಗೆಯಿಂದ ಹೊರಬಂದ ಬೊಸ್ನಿಯಾ ರಾಜಧಾನಿ ಸರಾಯೆವೊದ ಬೊಸ್ನಾಲಿಯೆಕ್ ಔಷಧ ಕಂಪನಿಯ ದಾರಿ ಇನ್ನೊಂದು ಬಗೆಯದು. ಅಲ್ಲಿ ಖಾಸಗಿ ಕಂಪನಿಗಳಿಗೆ ಬಂಡವಾಳ ಒದಗಿಸುವ, ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ಷೇರುದಾರನಾಗಿಯೂ ಬಂತು. ಷೇರು ಬಂಡವಾಳದ ಅನುಕೂಲವೆಂದರೆ ಮಾರಾಟವಿಲ್ಲದ ವರ್ಷಗಳಲ್ಲಿ ಬಡ್ಡಿ ಏರುವುದಿಲ್ಲ. ಅನನುಕೂಲವೆಂದರೆ ಒಡೆತನ ಕರಗುತ್ತದೆ. ಕಷ್ಟಕಾಲದಲ್ಲಿ ಕಡಿಮೆ ಬೆಲೆಗೆ ಪಾಲು ಕೊಟ್ಟ ಮಾಲೀಕನಿಗೆ ಚೇತರಿಕೆಯ ಕಾಲದಲ್ಲಿ ತನ್ನದೇ ಕಾರ್ಖಾನೆಯಲ್ಲಿ ಮಾತು ನಡೆಯದೆ ಹೋಗಬಹುದು.

ಇಷ್ಟಾದರೂ ಒಂದು ದೇಶದ ಹಳೆಯ ಬಾಕಿ ಎಲ್ಲವನ್ನೂ ಕಟ್ಟಿಹಾಕಬಲ್ಲದು. 2011ಕ್ಕೆ ಮುಂಚೆ ಸಿರಿಯಾ ತನಗೆ ಬೇಕಾದ ಔಷಧದಲ್ಲಿ ಸುಮಾರು ಶೇ 90ರಷ್ಟನ್ನು ತಾನೇ ತಯಾರಿಸುತ್ತಿತ್ತು, ಅಲೆಪ್ಪೊ ಅದರ ಪ್ರಮುಖ ಕೇಂದ್ರವಾಗಿತ್ತು. ಅಂತರ್ಯುದ್ಧ ಅದನ್ನು ನುಚ್ಚುನೂರು ಮಾಡಿತು. ಮರುನಿರ್ಮಾಣಕ್ಕೆ 21,600 ಕೋಟಿ ಡಾಲರ್ ಬೇಕೆಂಬುದು ವಿಶ್ವಬ್ಯಾಂಕಿನ 2025ರ ಅಂದಾಜು. ಆದರೆ ಹೊಸ ನೆರವಿನ ಬಾಗಿಲು ತೆರೆಯುವ ಮುನ್ನ ಸಿರಿಯಾ ವಿಶ್ವಬ್ಯಾಂಕಿಗೆ ಉಳಿಸಿಕೊಂಡಿದ್ದ ಕೇವಲ 1.55 ಕೋಟಿ ಡಾಲರ್ ಬಾಕಿ ಚುಕ್ತಾ ಆಗಬೇಕಿತ್ತು. 2025ರ ಮೇ ತಿಂಗಳಲ್ಲಿ ಸೌದಿ ಅರೇಬಿಯ ಮತ್ತು ಕತಾರ್ ಅದನ್ನು ತೀರಿಸಿದವು. ಮರುತಿಂಗಳು ಮಂಜೂರಾದ 14.6 ಕೋಟಿ ಡಾಲರ್ ಅನುದಾನ ಹೋದದ್ದು ವಿದ್ಯುತ್ ಜಾಲಕ್ಕೆ. ಈ ಕ್ರಮ ಸರಿಯಾದದ್ದೇ. ಕರೆಂಟ್ ಇಲ್ಲದ ಕಡೆ ಔಷಧ ಕಾರ್ಖಾನೆಗೆ ಸಾಲ ಕೊಟ್ಟರೆ ಅದು ಡೀಸೆಲ್ ಜನರೇಟರಿಗೇ ಕರಗುತ್ತದೆ.

ಕಟ್ಟುವುದೇ ಬೇಡ ಎನ್ನುವವರು

ಇಷ್ಟು ಖರ್ಚು ಮಾಡುವ ಬದಲು ಭಾರತದಿಂದ ಅಗ್ಗದ ಮಾತ್ರೆ ತರಿಸಿಕೊಂಡರಾಗದೇ ಎಂಬ ವಾದವೂ ಇದೆ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಔಷಧವನ್ನು ಭಾರತದ ದೊಡ್ಡ ಕಾರ್ಖಾನೆಗಳು ಒದಗಿಸುವ ಬೆಲೆಗೆ ಯುದ್ಧದಿಂದ ನಲುಗಿದ ಸಣ್ಣ ದೇಶವೊಂದು ತಯಾರಿಸುವುದು ಕಷ್ಟ. ಭಾರತದ ರಫ್ತುದಾರರಿಗೂ ಅದರಿಂದ ಲಾಭ. ಯುದ್ಧದಿಂದ ಹಣ ಬರದೆ ಹೋದರೆ ರಕ್ಷಣೆ ನೀಡಲು 1957ರಲ್ಲಿ ಸ್ಥಾಪನೆಯಾದ ರಫ್ತು ಸಾಲ ಖಾತರಿ ನಿಗಮ ನಮ್ಮಲ್ಲಿದೆ. ಅಂದರೆ ಮಾತ್ರೆ ಕಳಿಸುವ ವ್ಯಾಪಾರಿಗೆ ಸಿಗುವ ಆಸರೆ ಅಲ್ಲೇ ಕಾರ್ಖಾನೆ ಕಟ್ಟಿದವನಿಗಿಂತ ಹಳೆಯದು, ಗಟ್ಟಿಯಾದದ್ದು.

ಆದರೆ ಭಾರತ ತನ್ನ ವಿಷಯದಲ್ಲಿ ಈ ವಾದವನ್ನು ಒಪ್ಪಿಲ್ಲ. ಮೂಲ ಔಷಧ ವಸ್ತುಗಳು ಚೀನಾದಿಂದ ಅಗ್ಗವಾಗಿ ಸಿಗುತ್ತಿದ್ದರೂ, ಅವನ್ನು ಇಲ್ಲಿಯೇ ತಯಾರಿಸಲು 2020ರಲ್ಲಿ 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯನ್ನು ಕೇಂದ್ರ ಪ್ರಕಟಿಸಿತು. ಕೋವಿಡ್ ಕಾಲದಲ್ಲಿ ಸರಕು ಸಾಗಣೆ ನಿಂತಾಗ ಅಗ್ಗದ ಬೆಲೆಗೆ ಅರ್ಥ ಉಳಿಯದು ಎಂಬುದು ಅರಿವಾಗಿತ್ತು. ಎಲ್ಲ ಔಷಧವನ್ನೂ ಸ್ವಂತ ನೆಲದಲ್ಲೇ ಮಾಡಬೇಕೆಂಬ ಹಟ ದುಬಾರಿ. ತಡವಾದರೆ ಜೀವ ಹೋಗುವ ಇನ್ಸುಲಿನ್, ಅರಿವಳಿಕೆ, ಸಲೈನ್‌ನಂಥ ಕೆಲವನ್ನಾದರೂ ಹತ್ತಿರದಲ್ಲಿ ತಯಾರಿಸುವುದು ವಿವೇಕ. ಸಾಲ ಕೊಡುವವರು ಕಾರ್ಖಾನೆಯ ಹೆಸರು ನೋಡುವ ಬದಲು ಔಷಧದ ಪಟ್ಟಿ ನೋಡಿ ಸಾಲ ಕೊಡುವುದು ಉತ್ತಮ.

ಕೊಳ್ಳುವವರು ಯಾರು

ಯಾವ ಖಾತರಿ, ಯಾವ ರಿಯಾಯಿತಿ ಬಡ್ಡಿ ಇದ್ದರೂ ಬ್ಯಾಂಕಿನವರ ಕೊನೆಯ ಪ್ರಶ್ನೆ ಒಂದೇ: ತಯಾರಾದದ್ದನ್ನು ಕೊಳ್ಳುವವರು ಯಾರು? ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯ ಮೇಲೆ ಯಾರೂ ಬಾಂಬ್ ಹಾಕಲಿಲ್ಲ. ನಷ್ಟ ಬೆಳೆಯಿತು, ದುಡಿಯುವ ಬಂಡವಾಳ ಬತ್ತಿತು, 1936ರಲ್ಲಿ ಹುಟ್ಟಿದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. ಗೋಡೆ, ಯಂತ್ರ, ಕಾರ್ಮಿಕರ ಕಾಲೊನಿ ಎಲ್ಲ ಇದ್ದಲ್ಲೇ ಇದ್ದರೂ ಕಾರ್ಖಾನೆ ಇಲ್ಲವಾಗಬಹುದು. ಆದ್ದರಿಂದ ಯುದ್ಧಾನಂತರ ಔಷಧ ಕಾರ್ಖಾನೆಗೆ ಸರ್ಕಾರ ಕೊಡಬಹುದಾದ ದೊಡ್ಡ ನೆರವು ಖರೀದಿ ಕರಾರು. ಇಂತಿಷ್ಟು ವರ್ಷ, ಇಂತಿಷ್ಟು ಪ್ರಮಾಣ, ಇಂಥ ಬೆಲೆಗೆ ಸರ್ಕಾರಿ ಆಸ್ಪತ್ರೆಗಳಿಗೆ ಕೊಳ್ಳುತ್ತೇವೆ ಎಂಬ ಸಹಿ ಹಾಕಿದ ಕಾಗದ ಬ್ಯಾಂಕಿನ ಮೇಜಿನ ಮೇಲಿದ್ದರೆ ಸಾಲದ ಕಡತ ಮುಂದೆ ಸಾಗುತ್ತದೆ. ಇದರಿಂದ ಔಷಧದ ಬೆಲೆ ಆಮದಿಗಿಂತ ತುಸು ಹೆಚ್ಚಾಗುವುದು ಖಂಡಿತ, ಆ ಹೆಚ್ಚುವರಿಯನ್ನು ತೆರಿಗೆದಾರರೇ ಭರಿಸಬೇಕು.

ಕೊಳ್ಳುವವರು ಕಡಿಮೆಯಿರುವ ಔಷಧದ ತಯಾರಿಕೆ ಒಮ್ಮೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡು ದೂರ ನೋಡಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಗೆ ಲಸಿಕೆ ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಒಂದೇ ಸರ್ಕಾರಿ ಸಂಸ್ಥೆಯಲ್ಲಿ. ಅದರ ಪರಿಣಾಮ ಕುಗ್ಗಿದೆಯೆಂದು ಕಂಡುಬಂದು 2022ರ ಸುಮಾರಿಗೆ ಲಸಿಕೆ ನಿಂತಿತು. ಪಶ್ಚಿಮ ಘಟ್ಟದ ಕೆಲವು ಜಿಲ್ಲೆಗಳಿಗೆ ಮಾತ್ರ ಬೇಕಾದ ಲಸಿಕೆಗೆ ಖಾಸಗಿ ಬಂಡವಾಳ ತಾನಾಗಿ ಬರುವಂತಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮುಂದಾಗಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಬೇಕಾಯಿತು. ಸುಟ್ಟ ಕಟ್ಟಡವಿಲ್ಲ, ಕೊಚ್ಚಿಹೋದ ರಸ್ತೆಯಿಲ್ಲ. ಆದರೂ ನಿಂತ ಲಸಿಕೆಯ ಜಾಗಕ್ಕೆ ಇನ್ನೊಂದನ್ನು ತರಲು ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಕೊಡುವುದು ಉಣ್ಣೆ ಕಚ್ಚದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯ ಬಾಟಲಿ.